ತೊಗಟೆಗೆ ಬದಲು ಎಲೆ ಸಾಕೇ: ಗೌಟೆಂಗ್‌ನ ಒಂದು ಸಸ್ಯಸಾರ ಪರೀಕ್ಷಾ ಸೇವೆಯ ವಿಮರ್ಶೆ

ದಕ್ಷಿಣ ಆಫ್ರಿಕದ ಗೌಟೆಂಗ್ ಪ್ರಾಂತ್ಯದಲ್ಲಿರುವ ಒಂದು ಖಾಸಗಿ ಪ್ರಯೋಗಾಲಯವು ಔಷಧೀಯ ಸಸ್ಯಗಳ ಸೂಕ್ಷ್ಮಾಣು ನಿರೋಧಕ ಗುಣವನ್ನು ಶುಲ್ಕ ಪಡೆದು ಪರೀಕ್ಷಿಸಿಕೊಡುತ್ತದೆ. ಕ್ವಾಜುಲು-ನಟಾಲ್‌ನಲ್ಲಿ ಅಲ್ಲಿನ ಔಷಧಿ ಗಿಡಗಳನ್ನೇ ಬೆಳೆಸುವ, ನಾನು ಕೆಲಸ ಮಾಡುವ ಸಣ್ಣ ನರ್ಸರಿಯು ಈ ಸೇವೆಯನ್ನು ಬಳಸಿಕೊಂಡಿತು. ಪ್ರಯೋಗಾಲಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಎತ್ತಿರುವ ಆಕ್ಷೇಪಗಳಲ್ಲಿ ಹೆಚ್ಚಿನವು ಇಂತಹ ಪರೀಕ್ಷೆಯನ್ನು ದರಪಟ್ಟಿಯ ಮೇಲೆ ಮಾರುವ ಯಾವ ಸಂಸ್ಥೆಯಲ್ಲಾದರೂ ಎದುರಾಗಬಹುದಾದವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇವರು ಮಾಡುವ ಅಳತೆಯನ್ನು ನಂಬಬಹುದು, ಆ ಅಳತೆಯ ಮೇಲೆ ಇವರು ಬರೆಯುವ ತೀರ್ಪನ್ನು ಅಷ್ಟು ಸುಲಭವಾಗಿ ನಂಬಲಾಗದು.

ನಾವು ಹಿಡಿದುಕೊಂಡು ಹೋದ ಪ್ರಶ್ನೆ ಒಂದೇ. ವಾರ್ಬರ್ಗಿಯಾ ಸಲೂಟರಿಸ್, ಅಂದರೆ ಪೆಪ್ಪರ್‌ಬಾರ್ಕ್ ಮರ, ಜುಲು ಭಾಷೆಯಲ್ಲಿ ಇಸಿಭಾಹಾ, ಕೆಮ್ಮು, ಶೀತ ಮತ್ತು ಎದೆಯ ತೊಂದರೆಗಳಿಗೆ ದಕ್ಷಿಣ ಆಫ್ರಿಕದ ಮೂಲಿಕೆ ಮಾರುಕಟ್ಟೆಗಳಲ್ಲಿ ಬಹು ಬೇಡಿಕೆಯಿರುವ ಮರ. ಜೋಹಾನ್ಸ್‌ಬರ್ಗ್‌ನ ಫ್ಯಾರಡೇಯಲ್ಲಾಗಲಿ ಡರ್ಬನ್‌ನ ವಾರ್ವಿಕ್‌ನಲ್ಲಾಗಲಿ ಮಾರಾಟವಾಗುವುದು ಅದರ ಒಳತೊಗಟೆ. ಕಾಂಡದ ಸುತ್ತ ತೊಗಟೆಯನ್ನು ಪೂರ್ತಿ ಸುಲಿದರೆ ಮರ ಒಣಗಿ ಸಾಯುತ್ತದೆ. ಹೀಗೆ ಸುಲಿದೂ ಸುಲಿದೂ ಈ ಮರವು ಅಳಿವಿನ ಅಂಚಿಗೆ ಬಂದಿದ್ದು, 1998ರ ರಾಷ್ಟ್ರೀಯ ಅರಣ್ಯ ಕಾಯ್ದೆಯ ಅಡಿಯಲ್ಲಿ ಸಂರಕ್ಷಿತ ಮರಗಳ ಪಟ್ಟಿಯಲ್ಲಿದೆ. ಎಲೆಯಾದರೋ ವರ್ಷವೂ ಚಿಗುರುತ್ತದೆ. ತೊಗಟೆಯ ಖಾರವೇ ಎಲೆಯಲ್ಲೂ ನಾಲಿಗೆಗೆ ಸಿಗುತ್ತದೆ. ಹಾಗಾದರೆ ತೊಗಟೆ ಮಾಡುವ ಕೆಲಸವನ್ನು ಎಲೆಯೂ ಮಾಡುತ್ತದೆಯೇ? ಇದು ಹೊಸ ಪ್ರಶ್ನೆಯೇನಲ್ಲ. ಪೀಟರ್‌ಮರಿಟ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಯೋಹಾನೆಸ್ ವಾನ್ ಸ್ಟಾಡೆನ್ ಅವರ ತಂಡವು 2000ದ ಸುಮಾರಿಗೇ ಸಸ್ಯದ ಒಂದು ಭಾಗದ ಬದಲಿಗೆ ಮತ್ತೊಂದನ್ನು ಬಳಸಿ ಅಪಾಯದಲ್ಲಿರುವ ಸಸ್ಯಗಳನ್ನು ಉಳಿಸಬಹುದೇ ಎಂದು ಪರಿಶೀಲಿಸಿತ್ತು. ಆದರೆ ಮರದಿಂದ ಮರಕ್ಕೆ, ಮಣ್ಣಿನಿಂದ ಮಣ್ಣಿಗೆ ರಾಸಾಯನಿಕಗಳ ಪ್ರಮಾಣ ಬದಲಾಗುವುದರಿಂದ, ನಮ್ಮ ನರ್ಸರಿಯ ಗಿಡಗಳ ಎಲೆಯನ್ನು ಮೂಲಿಕೆ ವೈದ್ಯರಾದ ಇನ್ಯಾಂಗಾಗಳ ಮುಂದಿಡುವ ಮೊದಲು ನಮ್ಮದೇ ಎಲೆಯ ಪರೀಕ್ಷೆ ಬೇಕಿತ್ತು. ಜೊತೆಗೆ ಉಮ್ಲೊನ್ಯಾನೆ ಎಂದು ಕರೆಯುವ ಆರ್ಟೆಮೀಸಿಯಾ ಆಫ್ರಾ ಗಿಡವನ್ನೂ ಕಳುಹಿಸಿದೆವು. ಅದಕ್ಕೆ ಅಂತಹ ತುರ್ತೇನೂ ಇರಲಿಲ್ಲ. ಹೇಗೂ ಮಾದರಿಗಳ ಪೆಟ್ಟಿಗೆ ಹೋಗುವುದಿತ್ತು.

ಮಾದರಿಗಳನ್ನು ಸ್ವೀಕರಿಸುವ ಹಂತದಲ್ಲಿ ಈ ಪ್ರಯೋಗಾಲಯ ತೋರಿದ ಕಟ್ಟುನಿಟ್ಟನ್ನು ಮೆಚ್ಚಲೇಬೇಕು. ಪ್ರತಿ ಗಿಡದ ಹೂ ಅಥವಾ ಕಾಯಿ ಸಹಿತವಾದ ಒಣ ಮಾದರಿಯನ್ನು ಹರ್ಬೇರಿಯಂ, ಅಂದರೆ ಒಣ ಸಸ್ಯಮಾದರಿಗಳ ಸಂಗ್ರಹಾಲಯ, ಒಂದರಲ್ಲಿ ಇರಿಸಿ, ಅಲ್ಲಿನ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸದಿದ್ದರೆ ಅವರು ಪುಡಿಯ ಪೊಟ್ಟಣವನ್ನು ಬಿಚ್ಚುವುದೂ ಇಲ್ಲ. ಸಂರಕ್ಷಿತ ಮರವಾದ್ದರಿಂದ ಪರವಾನಗಿಯ ಪ್ರತಿಯನ್ನೂ ಕೇಳಿದರು. ಹೋಲಿಕೆಗೆಂದು ನಾವು ಮಾರುಕಟ್ಟೆಯಿಂದ ತಂದ ತೊಗಟೆಯನ್ನೂ ಸೇರಿಸಿದ್ದೆವು. ಅದನ್ನು ಇಸಿಭಾಹಾ ಎಂಬ ಹೆಸರಿನಲ್ಲಿ ಪರೀಕ್ಷಿಸಲು ಅವರು ಒಪ್ಪಲಿಲ್ಲ. ಎಲೆಯಿಲ್ಲದ, ಹೂವಿಲ್ಲದ, ತುಂಡು ತುಂಡಾದ ತೊಗಟೆಯನ್ನು ನೋಡಿ ಪ್ರಭೇದವನ್ನು ಹೇಳಲಾಗದು, ಬೇಕಾದರೆ ನಿಮ್ಮ ಮರದ ತೊಗಟೆಯ ಪಕ್ಕದಲ್ಲಿಟ್ಟು ರಾಸಾಯನಿಕ ಹೋಲಿಕೆಯನ್ನಷ್ಟೇ ಮಾಡಿಕೊಡುತ್ತೇವೆ ಎಂದರು. ಗಿಡಮೂಲಿಕೆಗಳ ಕುರಿತ ಎಷ್ಟೋ ವರದಿಗಳು ಯಾವ ಗಿಡ ಎಂಬ ಮೊದಲ ಪ್ರಶ್ನೆಯಲ್ಲೇ ಎಡವುತ್ತವೆ. ಹಣ ಕೊಡಲು ಬಂದ ಗಿರಾಕಿಯನ್ನು ಹೀಗೆ ತಡೆದು ನಿಲ್ಲಿಸುವ ಧೈರ್ಯ ಸೇವಾ ಸಂಸ್ಥೆಗಳಲ್ಲಿ ಅಪರೂಪ.

ದರದ ಲೆಕ್ಕಾಚಾರ ಮೇಲ್ನೋಟಕ್ಕೆ ಸರಳ: ಒಂದು ಸಾರ, ಒಂದು ಸೂಕ್ಷ್ಮಾಣು, ಒಂದು ದರ. ಸಾರ ತೆಗೆಯುವುದಕ್ಕೆ ಬೇರೆ ಶುಲ್ಕ, ಜೀವಕೋಶಗಳ ಮೇಲಿನ ವಿಷತ್ವ ಪರೀಕ್ಷೆಗೆ ಬೇರೆ ಶುಲ್ಕ, ಎಲ್ಲದರ ಮೇಲೆ ಶೇ 15ರ ಮೌಲ್ಯವರ್ಧಿತ ತೆರಿಗೆ. ಇದರಿಂದಾಗಿ ಸೂಕ್ಷ್ಮಾಣುಗಳ ಪಟ್ಟಿ ಉದ್ದವಾದಷ್ಟೂ ರ‍್ಯಾಂಡ್‌ಗಳಲ್ಲಿ ಮೊತ್ತ ಏರುತ್ತದೆ; ಮಾರಾಟ ವಿಭಾಗವು ಉದ್ದದ ಪಟ್ಟಿಯನ್ನೇ ಮುಂದೆ ಮಾಡುತ್ತದೆ. ಅದಕ್ಕೆ ಮರುಳಾಗಬೇಕಿಲ್ಲ, ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಇವರು ಅನುಸರಿಸುವ ವಿಧಾನ ಪ್ರಿಟೋರಿಯಾ ವಿಶ್ವವಿದ್ಯಾಲಯದ ಕೋಬಸ್ ಎಲೋಫ್ ಅವರು 1998ರಲ್ಲಿ ಪ್ರಕಟಿಸಿದ ಮೈಕ್ರೊಪ್ಲೇಟ್ ವಿಧಾನ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಸಾಲಾಗಿ 96 ಪುಟ್ಟ ಗುಳಿಗಳಿರುತ್ತವೆ. ಪ್ರತಿ ಗುಳಿಯಲ್ಲೂ 100 ಮೈಕ್ರೊಲೀಟರ್ ನೀರು ಹಾಕಿ, ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯ ಸಾರವನ್ನು ಮೊದಲ ಗುಳಿಗೆ ಅಷ್ಟೇ ಪ್ರಮಾಣದಲ್ಲಿ ಬೆರೆಸಿ, ಅದರಿಂದ ಅರ್ಧವನ್ನು ಕೆಳಗಿನ ಗುಳಿಗೆ, ಅಲ್ಲಿಂದ ಅರ್ಧವನ್ನು ಮತ್ತೂ ಕೆಳಗಿನದಕ್ಕೆ ಸಾಗಿಸುತ್ತಾರೆ. ಬಳಿಕ ಎಲ್ಲಕ್ಕೂ 100 ಮೈಕ್ರೊಲೀಟರ್ ಬ್ಯಾಕ್ಟೀರಿಯಾ ದ್ರವವನ್ನು ಸೇರಿಸಿದಾಗ ಮೇಲಿನ ಗುಳಿಯಲ್ಲಿ ಮಿಲಿಲೀಟರಿಗೆ 2.5 ಮಿಲಿಗ್ರಾಂ ಸಾರ ಉಳಿದರೆ, ಮುಂದಿನವುಗಳಲ್ಲಿ 1.25, 0.63, 0.31 ಹೀಗೆ ಅರ್ಧರ್ಧವಾಗುತ್ತಾ ಎಂಟನೆಯದರಲ್ಲಿ ಕೇವಲ 0.02 ಇರುತ್ತದೆ. ರಾತ್ರಿಯಿಡೀ 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಟ್ಟು, ಮಾರನೆಯ ದಿನ ಐಎನ್‌ಟಿ ಎಂಬ ಟೆಟ್ರಜೋಲಿಯಂ ಲವಣದ ದ್ರಾವಣವನ್ನು ಹಾಕಿದರೆ, ಬದುಕಿ ಬೆಳೆದಿರುವ ಬ್ಯಾಕ್ಟೀರಿಯಾ ಅದನ್ನು ಕೆನ್ನೇರಳೆ ಬಣ್ಣಕ್ಕೆ ತಿರುಗಿಸುತ್ತದೆ. ಬೆಳವಣಿಗೆ ನಿಂತ ಗುಳಿ ತಿಳಿಯಾಗಿಯೇ ಉಳಿಯುತ್ತದೆ. ತಿಳಿಯಾಗಿ ಉಳಿದ ಕೊನೆಯ ಗುಳಿಯ ಸಾಂದ್ರತೆಯೇ ಕನಿಷ್ಠ ಪ್ರತಿಬಂಧಕ ಸಾಂದ್ರತೆ, ಎಲ್ಲರ ಬಾಯಲ್ಲಿ ಎಂಐಸಿ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಮೇಲೆ ಸಾರ ಅದ್ದಿದ ಕಾಗದದ ಬಿಲ್ಲೆಯಿಟ್ಟು ಸುತ್ತಲಿನ ಖಾಲಿ ವಲಯವನ್ನು ಅಳೆಯುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಅಲ್ಲಿ ಅಗಾರಿನೊಳಗೆ ಹರಿಯಲಾರದ ಎಣ್ಣೆಯಂಶದ ವಸ್ತುಗಳು ಎಷ್ಟೇ ಪ್ರಬಲವಾಗಿದ್ದರೂ ಸಣ್ಣ ವಲಯವನ್ನೇ ಕೊಡುತ್ತವೆ.

ವರದಿಯ ಜೊತೆಗೆ ಪ್ರತಿ ತಟ್ಟೆಯ ಬಣ್ಣದ ಛಾಯಾಚಿತ್ರವನ್ನೂ ಕಳುಹಿಸುವುದು ಈ ಸೇವೆಯ ದೊಡ್ಡ ಗುಣ. ಸಂಖ್ಯೆಗಳ ಕೋಷ್ಟಕವನ್ನಷ್ಟೇ ಕೊಟ್ಟಿದ್ದರೆ ನಮಗೆ ಕಾಣದೇ ಹೋಗುತ್ತಿದ್ದ ಸಂಗತಿಗಳು ಆ ಚಿತ್ರಗಳಲ್ಲಿವೆ. ತೊಗಟೆಯ ಕಾಲಂನಲ್ಲಿ ತಿಳಿ ಗುಳಿಗಳು ಮುಗಿದು ಬಣ್ಣ ಆರಂಭವಾಗುವ ಗೆರೆ ಕತ್ತರಿಸಿದಂತಿತ್ತು. ನೀರಿನ ಸಾರದ ಕಾಲಂನಲ್ಲಾದರೋ ಮೇಲಿನ ಎರಡು ಗುಳಿಗಳು ತಿಳಿಯೂ ಅಲ್ಲದ, ಕೆನ್ನೇರಳೆಯೂ ಅಲ್ಲದ ಕಂದು ಬಣ್ಣದಲ್ಲಿದ್ದವು. ಅದು ಟ್ಯಾನಿನ್‌ನ ಬಣ್ಣ. ತೊಗಟೆಗಳಲ್ಲಿ ಹೇರಳವಾಗಿರುವ ಇಂತಹ ಪಾಲಿಫೀನಾಲುಗಳು ಪ್ರೋಟೀನನ್ನು ಹಿಡಿದುಕೊಂಡು ತಳಕ್ಕಿಳಿಯುತ್ತವೆ, ಬಣ್ಣವನ್ನು ಮರೆಮಾಡುತ್ತವೆ, ಕೆಲವೊಮ್ಮೆ ಬ್ಯಾಕ್ಟೀರಿಯಾದ ನೆರವಿಲ್ಲದೆಯೇ ಐಎನ್‌ಟಿಯ ಬಣ್ಣವನ್ನು ಬದಲಿಸಿಬಿಡುತ್ತವೆ. ಇದಕ್ಕಾಗಿಯೇ ಸಾರ ಇದ್ದು ಬ್ಯಾಕ್ಟೀರಿಯಾ ಇಲ್ಲದ ಒಂದು ಕಾಲಂ ಇರಬೇಕು. ಇವರಲ್ಲಿ ಅದು ಇತ್ತು. ಸಾರವನ್ನು ಕರಗಿಸುವ ದ್ರಾವಕವಾದ ಅಸಿಟೋನ್ ಮಾತ್ರ ಇರುವ ಕಾಲಂ ಕೂಡ ಇತ್ತು; ಮೊದಲ ಗುಳಿಯಲ್ಲಿ ದ್ರವದ ಕಾಲು ಭಾಗ ಅಸಿಟೋನೇ ಆಗಿರುವುದರಿಂದ, ಬ್ಯಾಕ್ಟೀರಿಯಾವನ್ನು ತಡೆದದ್ದು ಗಿಡವೋ ದ್ರಾವಕವೋ ಎಂಬುದು ಆ ಕಾಲಂ ಇಲ್ಲದೆ ತಿಳಿಯದು.

ಜೆಂಟಾಮೈಸಿನ್ ಎಂಬ ಪ್ರತಿಜೀವಕದ ಕಾಲಂ ಅನ್ನು ಓದುಗರು ಸಾಮಾನ್ಯವಾಗಿ ಗಿಡದೊಂದಿಗೆ ಹೋಲಿಸಲು ನೋಡುತ್ತಾರೆ. ಅದು ಇರುವುದು ಹೋಲಿಕೆಗಲ್ಲ, ಪ್ರಯೋಗಾಲಯವನ್ನೇ ಪರೀಕ್ಷಿಸುವುದಕ್ಕೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಎಟಿಸಿಸಿ 29213 ಎಂಬ ಮಾನಕ ತಳಿಯ ಮೇಲೆ ಜೆಂಟಾಮೈಸಿನ್‌ನ ಎಂಐಸಿ ಮಿಲಿಲೀಟರಿಗೆ 0.12ರಿಂದ 1 ಮೈಕ್ರೊಗ್ರಾಂ ಒಳಗೆ, ಇ. ಕೋಲಿಯ 25922 ತಳಿಯ ಮೇಲೆ 0.25ರಿಂದ 1ರ ಒಳಗೆ ಬರಬೇಕೆಂಬುದು ಎಲ್ಲೆಡೆ ಒಪ್ಪಿರುವ ಮಿತಿ. ಅದರಾಚೆಗೆ ಹೋದರೆ ಆ ದಿನದ ತಟ್ಟೆಯನ್ನೇ ಬದಿಗಿಡಬೇಕು. ನಮ್ಮ ವರದಿಯಲ್ಲಿ ಈ ಅಂಕಿಗಳು ಮಿತಿಯೊಳಗಿದ್ದವು, ಮತ್ತು ಕೇಳದೆಯೇ ನಮೂದಿಸಿದ್ದರು. ಅಳತೆಯನ್ನು ನಂಬಬಹುದು ಎಂದು ಮೇಲೆ ಹೇಳಿದ್ದಕ್ಕೆ ಇದೇ ಆಧಾರ.

ಇನ್ನು ತೀರ್ಪಿನ ವಿಷಯ. ಸ್ಟ್ಯಾಫಿಲೋಕಾಕಸ್ ಮೇಲೆ ತೊಗಟೆಯ ಅಸಿಟೋನ್ ಸಾರಕ್ಕೂ ಎಲೆಯ ಅಸಿಟೋನ್ ಸಾರಕ್ಕೂ ಬಂದ ವ್ಯತ್ಯಾಸ ಒಂದು ಗುಳಿಯಷ್ಟು. ವರದಿಯ ಸಾರಾಂಶದಲ್ಲಿ ಇದನ್ನು ‘ತೊಗಟೆಯು ಎಲೆಗಿಂತ ಎರಡು ಪಟ್ಟು ಪರಿಣಾಮಕಾರಿ’ ಎಂದು ಬರೆದಿದ್ದರು. ಲೆಕ್ಕಕ್ಕೆ ಸರಿಯೇ, ಅರ್ಥಕ್ಕೆ ತಪ್ಪು. ಅರ್ಧರ್ಧವಾಗಿ ಇಳಿಯುವ ವಿಧಾನದಲ್ಲಿ ಒಂದೇ ಸಾರವನ್ನು ಬೇರೆ ಬೇರೆ ದಿನ ಪರೀಕ್ಷಿಸಿದರೂ ಫಲಿತಾಂಶ ಒಂದು ಗುಳಿ ಮೇಲೆ ಅಥವಾ ಕೆಳಗೆ ಸರಿಯುವುದು ಸಹಜ. ಅದನ್ನು ವಿಧಾನದ ಸ್ವಾಭಾವಿಕ ಅಂತರವೆಂದೇ ಪರಿಗಣಿಸಲಾಗುತ್ತದೆ. ಹಾಗಾಗಿ ನಮ್ಮ ಎಲೆ ಮತ್ತು ತೊಗಟೆಗಳ ನಡುವೆ ಈ ಪರೀಕ್ಷೆಯು ಯಾವ ವ್ಯತ್ಯಾಸವನ್ನೂ ತೋರಿಸಿಲ್ಲ ಎಂದು ಬರೆಯಬೇಕಿತ್ತು, ಮತ್ತು ಮರವನ್ನು ಉಳಿಸುವ ದೃಷ್ಟಿಯಿಂದ ಅದು ಒಳ್ಳೆಯ ಸುದ್ದಿ. ‘ಎರಡು ಪಟ್ಟು’ ಎಂಬ ಆ ವಾಕ್ಯವನ್ನು ಓದಿದ ವ್ಯಾಪಾರಿಯೊಬ್ಬರು ಎಲೆ ಬೇಡ, ತೊಗಟೆಯೇ ಇರಲಿ ಎಂದು ತೀರ್ಮಾನಿಸಿದರೆ ತಪ್ಪು ಯಾರದು? ನಾವು ಪತ್ರ ಬರೆದ ಮೇಲೆ ಪ್ರಯೋಗಾಲಯವು ವಾಕ್ಯವನ್ನು ತಿದ್ದಿತು, ಆದರೆ ವಿವರಣೆ ಕೊಡಲಿಲ್ಲ.

ಇದೇ ಬಗೆಯ ಉದಾರತೆ ಇ. ಕೋಲಿಯ ವಿಭಾಗದಲ್ಲೂ ಕಾಣಿಸಿತು. ತೊಗಟೆಯ ಖಾರಕ್ಕೆ ಕಾರಣವಾದ ಪೊಲಿಗೋಡಿಯಾಲ್, ವಾರ್ಬರ್ಗನಾಲ್, ಮುಜಿಗಾಡಿಯಾಲ್ ಮುಂತಾದ ವಸ್ತುಗಳು ಸ್ಟ್ಯಾಫಿಲೋಕಾಕಸ್‌ನಂತಹ ಗ್ರಾಂ ಧನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದಷ್ಟು ಇ. ಕೋಲಿಯಂತಹ ಗ್ರಾಂ ಋಣ ಬ್ಯಾಕ್ಟೀರಿಯಾಗಳ ಮೇಲೆ ಮಾಡುವುದಿಲ್ಲ, ಏಕೆಂದರೆ ಎರಡನೆಯ ಗುಂಪಿಗೆ ಇನ್ನೊಂದು ಹೊರಪೊರೆಯ ರಕ್ಷಣೆಯಿದೆ. ನಿರೀಕ್ಷೆಯಂತೆ ಅಲ್ಲಿ ಮೇಲಿನ ಗುಳಿ ಮಾತ್ರ ತಿಳಿಯಾಗಿತ್ತು. ಆದರೂ ವರದಿಯಲ್ಲಿ ‘ಸಕ್ರಿಯ’ ಎಂಬ ಮುದ್ರೆ ಬಿದ್ದಿತ್ತು. ರಿಯೋಸ್ ಮತ್ತು ರೆಸಿಯೋ ಎಂಬ ಸಂಶೋಧಕರು 2005ರಲ್ಲಿ ಈ ಕ್ಷೇತ್ರದ ಬರಹಗಳನ್ನು ಪರಿಶೀಲಿಸಿ, ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಬೇಕಾಗುವ ಸಾರವನ್ನು ಸಕ್ರಿಯವೆನ್ನಬಾರದು, 100 ಮೈಕ್ರೊಗ್ರಾಂ ಮತ್ತು ಅದಕ್ಕಿಂತ ಕಡಿಮೆಯಲ್ಲಿ ಕೆಲಸ ಮಾಡುವುದನ್ನು ಮಾತ್ರ ಗಮನಾರ್ಹವೆನ್ನಬಹುದು ಎಂದು ಬರೆದರು. ಕೆಲವರು ಈ ಗೆರೆಯನ್ನು ತುಸು ಆಚೀಚೆ ಎಳೆದಿದ್ದಾರೆ, ಆದರೆ 2.5 ಮಿಲಿಗ್ರಾಂ ಅನ್ನು ಸಕ್ರಿಯವೆಂದು ಕರೆಯುವಷ್ಟು ದೂರಕ್ಕೆ ಹೆಚ್ಚಿನವರು ಎಳೆಯಲಾರರು. ಅಷ್ಟು ಸಾಂದ್ರತೆಯಲ್ಲಿ ಅಡುಗೆಮನೆಯ ಎಷ್ಟೋ ಸೊಪ್ಪುಗಳೂ ಸಕ್ರಿಯವೇ ಆಗಿಬಿಡುತ್ತವೆ. ‘ಸಕ್ರಿಯ’ ಎಂಬ ಮುದ್ರೆಗೆ ಯಾವ ಮಿತಿಯನ್ನು ಬಳಸುತ್ತೀರಿ ಎಂದು ಒಪ್ಪಂದದ ಮೊದಲೇ ಲಿಖಿತವಾಗಿ ಕೇಳುವುದು ಒಳ್ಳೆಯದು.

ಅಸಿಟೋನ್ ಏಕೆ ಎಂಬುದಕ್ಕೆ ಒಳ್ಳೆಯ ಕಾರಣಗಳಿವೆ. ಬೇರೆ ಬೇರೆ ದ್ರಾವಕಗಳನ್ನು ಹೋಲಿಸಿ ಎಲೋಫ್ ಅವರೇ ಅದನ್ನು ಶಿಫಾರಸು ಮಾಡಿದ್ದರು: ಎಣ್ಣೆಯಂಶವನ್ನೂ ನೀರಂಶವನ್ನೂ ಒಟ್ಟಿಗೆ ಹೊರತರುತ್ತದೆ, ಬೇಗ ಆರುತ್ತದೆ, ಸೂಕ್ಷ್ಮಾಣುಗಳಿಗೆ ಅಷ್ಟಾಗಿ ಹಾನಿ ಮಾಡುವುದಿಲ್ಲ. ಆದರೆ ಯಾವ ಇನ್ಯಾಂಗಾ ಅಸಿಟೋನಿನಲ್ಲಿ ಔಷಧಿ ಕೊಡುತ್ತಾರೆ? ಕೊಡುವುದು ಕಷಾಯ, ತಣ್ಣೀರಿನಲ್ಲಿ ನೆನೆಸಿದ ರಸ, ಇಲ್ಲವೇ ಹೊಗೆ. ನೀರಿನ ಕಷಾಯವನ್ನು ಪರೀಕ್ಷಿಸಿ ಎಂದು ನಾವು ಒತ್ತಾಯಿಸಬೇಕಾಯಿತು, ಅದಕ್ಕೆ ಹೆಚ್ಚುವರಿ ಶುಲ್ಕವನ್ನೂ ತೆರಬೇಕಾಯಿತು, ಏಕೆಂದರೆ ನೀರನ್ನು ಆರಿಸಲು ಶೀತಲ ಶುಷ್ಕೀಕರಣ ಯಂತ್ರದಲ್ಲಿ ಬಹಳ ಹೊತ್ತು ಇಡಬೇಕಾಗುತ್ತದೆ. ಫಲಿತಾಂಶ ಮಂಕಾಗಿಯೇ ಇತ್ತು; ಎಲೆಯ ಕಷಾಯಕ್ಕೂ ತೊಗಟೆಯ ಕಷಾಯಕ್ಕೂ ಅಸಿಟೋನ್ ಸಾರದ ಶಕ್ತಿ ಇರಲಿಲ್ಲ. ಖಾರದ ವಸ್ತುಗಳು ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ ಎಂಬುದು ಒಂದು ವಿವರಣೆ. ಪ್ರಯೋಗಾಲಯವು ಅಸಿಟೋನ್ ಸಾರದ ಅಂಕಿಯನ್ನು ಮುಖಪುಟದಲ್ಲಿಟ್ಟು ಕಷಾಯದ ಅಂಕಿಯನ್ನು ಅನುಬಂಧಕ್ಕೆ ತಳ್ಳಿತ್ತು. ನನ್ನ ಪ್ರಕಾರ ರೋಗಿಯ ಲೋಟದಲ್ಲಿರುವುದು ಯಾವುದೋ ಅದು ಮುಖಪುಟದಲ್ಲಿರಬೇಕು.

ಇಲ್ಲಿ ಕೇಳಿ ಪಡೆಯಬೇಕಾದ ಇನ್ನೊಂದು ಅಂಕಿಯಿದೆ, ‘ಒಟ್ಟು ಸಕ್ರಿಯತೆ’ ಎಂದು. 1 ಗ್ರಾಂ ಒಣ ಗಿಡದಿಂದ ಸಿಕ್ಕ ಸಾರದ ಮಿಲಿಗ್ರಾಂ ತೂಕವನ್ನು ಎಂಐಸಿಯಿಂದ ಭಾಗಿಸಿದರೆ, ಆ 1 ಗ್ರಾಂನ ಸಾರವನ್ನು ಎಷ್ಟು ಮಿಲಿಲೀಟರ್ ನೀರಿಗೆ ಬೆರೆಸಿದರೂ ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಉದಾಹರಣೆಗೆ 100 ಮಿಲಿಗ್ರಾಂ ಸಾರ ಸಿಕ್ಕಿ ಎಂಐಸಿ 0.5 ಇದ್ದರೆ 200 ಮಿಲಿಲೀಟರ್. ಎಂಐಸಿಯಲ್ಲಿ ಹಿಂದೆ ಬಿದ್ದ ಎಲೆಯೂ ಹೆಚ್ಚು ಸಾರ ಬಿಟ್ಟುಕೊಟ್ಟರೆ ಈ ಲೆಕ್ಕದಲ್ಲಿ ಮುಂದೆ ಬರಬಹುದು. ನರ್ಸರಿ ನಡೆಸುವವರಿಗೆ ಕಿಲೋ ಲೆಕ್ಕದಲ್ಲಿ ಮಾರುವ ಸರಕಿನ ಬೆಲೆ ತಿಳಿಯುವುದೇ ಇದರಿಂದ, ಆದರೂ ವರದಿಯಲ್ಲಿ ಸಾರದ ತೂಕವನ್ನು ಕೊಟ್ಟಿದ್ದರೇ ಹೊರತು ಭಾಗಾಕಾರವನ್ನು ಮಾಡಿಕೊಟ್ಟಿರಲಿಲ್ಲ.

ಆರ್ಟೆಮೀಸಿಯಾ ಆಫ್ರಾದ ಪರೀಕ್ಷೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಈ ಗಿಡದ ಶಕ್ತಿಯ ಮುಖ್ಯ ಪಾಲು ಅದರ ಆವಿಯಾಗುವ ಎಣ್ಣೆಯಲ್ಲಿದೆ. ಥುಜೋನ್, ಸಿನಿಯೋಲ್, ಕರ್ಪೂರ ಅದರಲ್ಲಿ ಮುಖ್ಯವಾದವು. ಜನರೂ ಅದನ್ನು ಕುದಿಯುವ ನೀರಿಗೆ ಹಾಕಿ, ಕಂಬಳಿ ಹೊದ್ದು ಆವಿಯನ್ನೇ ಎಳೆದುಕೊಳ್ಳುತ್ತಾರೆ. ಅಂತಹ ಗಿಡದಿಂದ ಸಾರ ತೆಗೆದು, ಗಾಳಿಗೆ ಆರಿಸಿ, ಉಳಿದ ಅಂಟನ್ನು ಪರೀಕ್ಷಿಸಿದರೆ ಮುಖ್ಯವಾದದ್ದು ಆಗಲೇ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ಎಣ್ಣೆಯನ್ನೇ ಪರೀಕ್ಷಿಸಿದರೆ ಬೇರೊಂದು ತೊಡಕು: ಒಂದು ಗುಳಿಯ ಆವಿ ಪಕ್ಕದ ಗುಳಿಯ ಬ್ಯಾಕ್ಟೀರಿಯಾವನ್ನೂ ತಡೆಯಬಲ್ಲದು, ಆದ್ದರಿಂದ ತಟ್ಟೆಯ ಬಾಯಿಗೆ ಅಂಟುಹಾಳೆ ಹಚ್ಚಿ ಮುಚ್ಚಬೇಕು, ಕಾಲಂಗಳ ನಡುವೆ ಜಾಗ ಬಿಡಬೇಕು. ಇಲ್ಲಿ ಎರಡನ್ನೂ ಮಾಡಿರಲಿಲ್ಲ ಎಂಬುದು ಛಾಯಾಚಿತ್ರದಲ್ಲೇ ಕಾಣುತ್ತಿತ್ತು. ಎಣ್ಣೆಯ ಕಾಲಂನ ಪಕ್ಕದಲ್ಲಿದ್ದ, ಏನೂ ಬೆರೆಸದ ಬ್ಯಾಕ್ಟೀರಿಯಾದ ಕಾಲಂ ಮೇಲ್ಭಾಗದಲ್ಲಿ ತೆಳು ಗುಲಾಬಿಗೆ ತಿರುಗಿತ್ತು. ದೂರಿದಾಗ ಆ ಭಾಗದ ಶುಲ್ಕವನ್ನು ಹಿಂದಿರುಗಿಸಿದರು, ಅದನ್ನು ಒಪ್ಪಿಕೊಳ್ಳಲೇಬೇಕು.

ದರಪಟ್ಟಿಯ ಕೆಳಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇದ್ದ ಬಯೋಆಟೋಗ್ರಫಿ ಎಂಬ ಸೇವೆಯೇ ನಮಗೆ ಅತ್ಯಂತ ಉಪಯುಕ್ತವಾಯಿತು. ಸಿಲಿಕಾ ಲೇಪಿಸಿದ ಅಲ್ಯೂಮಿನಿಯಂ ಹಾಳೆಯ ಬುಡದಲ್ಲಿ ಸಾರದ ತೆಳುಗೆರೆ ಎಳೆದು, ಹಾಳೆಯನ್ನು ದ್ರಾವಕದಲ್ಲಿ ನಿಲ್ಲಿಸಿದರೆ ಸಾರದೊಳಗಿನ ವಸ್ತುಗಳು ಬೇರೆ ಬೇರೆ ಎತ್ತರಕ್ಕೆ ಏರಿ ನಿಲ್ಲುತ್ತವೆ. ದ್ರಾವಕವನ್ನು ಪೂರ್ತಿ ಆರಿಸಿ, ಹಾಳೆಯ ಮೇಲೆ ಬ್ಯಾಕ್ಟೀರಿಯಾವನ್ನೇ ಸಿಂಪಡಿಸಿ, ತೇವವಿರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟು, ಮೇಲೆ ಐಎನ್‌ಟಿ ಸಿಂಪಡಿಸುತ್ತಾರೆ. ಹಾಳೆಯೆಲ್ಲ ಕೆಂಪಾಗಿ, ಬ್ಯಾಕ್ಟೀರಿಯಾ ಬೆಳೆಯಲಾರದ ಕಡೆ ಮಾತ್ರ ಬಿಳಿಯ ಪಟ್ಟೆಗಳು ಉಳಿಯುತ್ತವೆ. ನಮ್ಮ ತೊಗಟೆ ಮತ್ತು ಎಲೆಯ ಸಾರಗಳನ್ನು ಅಕ್ಕಪಕ್ಕದಲ್ಲಿ ಓಡಿಸಿದ್ದರು. ಎರಡರಲ್ಲೂ ಒಂದೇ ಎತ್ತರದಲ್ಲಿ ಒಂದು ದಪ್ಪ ಬಿಳಿ ಪಟ್ಟೆ. ತೊಗಟೆಯಲ್ಲಿ ಅದರ ಕೆಳಗೆ ಇನ್ನೊಂದು, ಎಲೆಯಲ್ಲಿ ಆ ಜಾಗದಲ್ಲಿ ಬರೀ ಒಂದು ಮಸುಕು. ಒಂದೇ ಎತ್ತರದಲ್ಲಿ ನಿಂತ ಮಾತ್ರಕ್ಕೆ ಒಂದೇ ವಸ್ತುವೆಂದು ಸಾಬೀತಾಗುವುದಿಲ್ಲ, ನಿಜ. ಆದರೂ ಎಲೆಯಲ್ಲಿ ತೊಗಟೆಯ ಗುಣದ ಮುಖ್ಯ ಪಾಲು ಇದೆ, ಪೂರ್ತಿ ಇಲ್ಲ ಎಂದು ಒಂದು ಹಾಳೆಯಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಇದೊಂದೇ. ಮಾರುಕಟ್ಟೆಯ ತೊಗಟೆಯನ್ನೂ ಪಕ್ಕದಲ್ಲಿ ಓಡಿಸಿದ್ದರು. ಅದರ ಪಟ್ಟೆಗಳು ನಮ್ಮ ಮರದವುಗಳಿಗೆ ಹೊಂದಿಕೊಂಡವು, ಕೇವಲ ತೆಳುವಾಗಿದ್ದವು. ಬಹಳ ದಿನ ಬಿಸಿಲಿನಲ್ಲಿ ಬಿದ್ದಿದ್ದ ಸರಕಿರಬೇಕು.

ವಿಷತ್ವ ಪರೀಕ್ಷೆಯನ್ನು ಹೆಚ್ಚಿನ ಗಿರಾಕಿಗಳು ಖರ್ಚು ಉಳಿಸಲು ಬಿಟ್ಟುಬಿಡುತ್ತಾರೆಂದು ಪ್ರಯೋಗಾಲಯದವರೇ ಹೇಳಿದರು. ಬಿಡಬಾರದ್ದು ಇದೊಂದನ್ನೇ. ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ಬೆಳೆಸಿದ ವೀರೋ ಜೀವಕೋಶಗಳ ಮೇಲೆ ಅದೇ ಸಾರವನ್ನು ಹಾಕಿ, ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಸಾಂದ್ರತೆಯನ್ನು ಕಂಡುಹಿಡಿದು, ಅದನ್ನು ಎಂಐಸಿಯಿಂದ ಭಾಗಿಸುತ್ತಾರೆ. ಉತ್ತರ ಒಂದಕ್ಕಿಂತ ಕಡಿಮೆಯಾದರೆ ಸಾರವು ಬ್ಯಾಕ್ಟೀರಿಯಾಕ್ಕಿಂತ ಮೊದಲು ಪ್ರಾಣಿಯ ಕೋಶವನ್ನೇ ಕೊಲ್ಲುತ್ತದೆ ಎಂದರ್ಥ. ಪೊಲಿಗೋಡಿಯಾಲ್ ಮತ್ತು ವಾರ್ಬರ್ಗನಾಲ್‌ಗಳಲ್ಲಿರುವ ಜೋಡಿ ಆಲ್ಡಿಹೈಡ್ ಗುಂಪುಗಳು ಸಿಕ್ಕ ಸಿಕ್ಕ ಪ್ರೋಟೀನುಗಳ ಅಮೀನ್ ತುದಿಗಳಿಗೆ ಅಂಟಿಕೊಳ್ಳುತ್ತವೆ, ಅದು ಬ್ಯಾಕ್ಟೀರಿಯಾದ ಪ್ರೋಟೀನೋ ನಮ್ಮದೋ ಎಂದು ನೋಡುವುದಿಲ್ಲ. ಹಾಗಾಗಿ ನಮ್ಮ ಅಸಿಟೋನ್ ಸಾರಗಳ ಅಂಕಿ ಉತ್ಸಾಹ ತರುವಂತಿರಲಿಲ್ಲ, ಕಷಾಯಗಳದ್ದು ಮಾತ್ರ ಸಮಾಧಾನಕರವಾಗಿತ್ತು. ಪರಂಪರೆಯಿಂದ ಬಂದದ್ದೆಲ್ಲ ನಿರಪಾಯಕಾರಿ ಎಂದು ನಂಬುವವರು ಕ್ವಾಜುಲು-ನಟಾಲ್‌ನಲ್ಲೇ ಬಳಕೆಯಲ್ಲಿರುವ ಇಂಪಿಲಾ, ಅಂದರೆ ಕ್ಯಾಲಿಲೆಪಿಸ್ ಲಾರಿಯೋಲಾ, ಗಡ್ಡೆಯನ್ನು ನೆನೆಯಬೇಕು; ಅದರಲ್ಲಿರುವ ಅಟ್ರಾಕ್ಟಿಲೋಸೈಡ್‌ನಿಂದ ಯಕೃತ್ತು ಮತ್ತು ಮೂತ್ರಪಿಂಡಗಳು ಕೆಟ್ಟು ಸಾವುಗಳೇ ಸಂಭವಿಸಿವೆ.

ಸೂಕ್ಷ್ಮಾಣುಗಳ ಆಯ್ಕೆಯ ಬಗ್ಗೆ ಮೇಲೆ ಹೇಳಿದ ಮಾತಿಗೆ ಬರುತ್ತೇನೆ. ಮಾರಾಟ ವಿಭಾಗ ಸೂಚಿಸುವ ಪಟ್ಟಿ ಎಲ್ಲ ಗಿಡಕ್ಕೂ ಒಂದೇ: ಸ್ಟ್ಯಾಫಿಲೋಕಾಕಸ್, ಎಂಟೆರೋಕಾಕಸ್, ಇ. ಕೋಲಿ, ಸ್ಯೂಡೋಮೋನಾಸ್, ಕ್ಯಾಂಡಿಡಾ. ಕೆಮ್ಮಿಗೆ ಕೊಡುವ ಗಿಡವನ್ನು ಕರುಳಿನ ಇ. ಕೋಲಿಯ ಮೇಲೆ ಪರೀಕ್ಷಿಸಿ ಏನು ತಿಳಿಯಬೇಕು? ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಮೊರಾಕ್ಸೆಲ್ಲಾ ಕ್ಯಾಟರಾಲಿಸ್‌ನಂತಹ ಉಸಿರಾಟದ ರೋಗಾಣುಗಳು ಬೇಕೆಂದು ಕೇಳಿದರೆ ತರಿಸಿಕೊಡುತ್ತಾರೆ, ಸ್ವಲ್ಪ ತಡವಾಗುತ್ತದೆ ಅಷ್ಟೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೂರನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕಾದ್ದರಿಂದ ಇವರು ಅದರ ನಿರುಪದ್ರವಿ ಸಂಬಂಧಿಯಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಅನ್ನು ಬಳಸುತ್ತಾರೆ. ಅದರ ಫಲಿತಾಂಶವನ್ನು ಕ್ಷಯಕ್ಕೆ ಔಷಧಿ ಸಿಕ್ಕಿತೆಂದು ಓದಿಕೊಳ್ಳಬಾರದು.

ಎಂಐಸಿ ಚೆನ್ನಾಗಿಲ್ಲದ ಮಾತ್ರಕ್ಕೆ ಗಿಡ ನಿಷ್ಪ್ರಯೋಜಕ ಎಂದೂ ಅಲ್ಲ. ದಕ್ಷಿಣ ಆಫ್ರಿಕ ಮತ್ತು ಲೆಸೋಥೋಗಳಲ್ಲಿ ಬೆಳೆಯುವ ಪೆಲಾರ್ಗೋನಿಯಂ ಸಿಡಾಯ್ಡಿಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಕ್ಷಯದಿಂದ ಬಳಲುತ್ತಾ 1897ರಲ್ಲಿ ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಸ್ಟೀವನ್ಸ್ ಎಂಬಾತ ಬಸೋಥೋ ವೈದ್ಯರೊಬ್ಬರು ಕೊಟ್ಟ ಈ ಬೇರಿನ ಕಷಾಯದಿಂದ ಗುಣವಾದೆನೆಂದು ನಂಬಿ, ಮರಳಿದ ಮೇಲೆ ಅದನ್ನೇ ಔಷಧಿಯಾಗಿ ಮಾರಿದ. ಮುಂದೆ ಅದು ಜರ್ಮನಿಯಲ್ಲಿ ಶ್ವಾಸನಾಳದ ಉರಿಯೂತಕ್ಕೆ ಕೊಡುವ ದೊಡ್ಡ ವ್ಯಾಪಾರದ ಔಷಧಿಯಾಯಿತು. ಅದರ ಸಾರ ಬ್ಯಾಕ್ಟೀರಿಯಾವನ್ನು ನೇರವಾಗಿ ತಡೆಯುವುದು ಸಾಧಾರಣ ಮಟ್ಟದಲ್ಲಿ. ಬ್ಯಾಕ್ಟೀರಿಯಾ ಕೋಶಗಳಿಗೆ ಅಂಟಿಕೊಳ್ಳದಂತೆ ಮಾಡುವುದು, ದೇಹದ ಪ್ರತಿರಕ್ಷೆಯನ್ನು ಚುರುಕುಗೊಳಿಸುವುದು ಅದರ ಇತರ ದಾರಿಗಳೆಂದು ಸಂಶೋಧಕರು ವಿವರಿಸಿದ್ದಾರೆ. ಮೈಕ್ರೊಪ್ಲೇಟಿನಲ್ಲಿ ಪ್ರತಿರಕ್ಷೆ ಎಂಬುದೇ ಇಲ್ಲವಲ್ಲ.

ಪ್ರಯೋಗಾಲಯದ ಗೋಡೆಯ ಮೇಲಿರುವ ಐಎಸ್‌ಒ 17025 ಮಾನ್ಯತಾ ಪತ್ರವನ್ನು ಕಂಡು ನಿಶ್ಚಿಂತರಾಗುವ ಮೊದಲು ಅದರ ವ್ಯಾಪ್ತಿಯ ಅನುಬಂಧವನ್ನು ಓದಬೇಕು. ಇವರಿಗೆ ಮಾನ್ಯತೆ ಇರುವುದು ಆಹಾರ ಮತ್ತು ನೀರಿನ ಸೂಕ್ಷ್ಮಾಣು ಪರೀಕ್ಷೆಗೆ. ಸಸ್ಯಸಾರದ ಎಂಐಸಿ ಅದರಲ್ಲಿಲ್ಲ. ಅದನ್ನು ಮುಚ್ಚಿಟ್ಟಿರಲಿಲ್ಲ, ಹೇಳಿಯೂ ಇರಲಿಲ್ಲ. ಸಮಯಪಾಲನೆ ಸಾಧಾರಣ: ವಾಗ್ದಾನದ ದಿನಾಂಕ ದಾಟಿತು, ವಿಚಾರಿಸಿದಾಗಲೆಲ್ಲ ಸೌಜನ್ಯದ ಉತ್ತರ ಬಂತು. ತಾಂತ್ರಿಕ ಪ್ರಶ್ನೆಗಳಿಗೆ ಪರೀಕ್ಷೆ ಮಾಡಿದ ತಂತ್ರಜ್ಞೆಯೇ ಫೋನಿನಲ್ಲಿ ಉತ್ತರಿಸಿದರು, ಅವರ ಉತ್ತರಗಳು ವರದಿಯ ಭಾಷೆಗಿಂತ ಎಷ್ಟೋ ಎಚ್ಚರದ್ದಾಗಿದ್ದವು.

ಕೊನೆಯದಾಗಿ ಒಪ್ಪಂದದ ಪತ್ರ. ದಕ್ಷಿಣ ಆಫ್ರಿಕದಲ್ಲಿ ಅಲ್ಲಿನ ಜೈವಿಕ ಸಂಪನ್ಮೂಲದ ಮೇಲೆ ಇಂತಹ ಶೋಧ ನಡೆಸುವುದು 2004ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಶೋಧದ ಮೊದಲ ಹಂತದಲ್ಲಿ ಸಚಿವರಿಗೆ ಸೂಚನೆ ಸಲ್ಲಿಸಬೇಕು. ವಾಣಿಜ್ಯ ಹಂತಕ್ಕೆ ಹೋದರೆ ಪರವಾನಗಿಯೂ, ಸಂಪನ್ಮೂಲ ಹಾಗೂ ಜ್ಞಾನವನ್ನು ಕೊಟ್ಟವರೊಂದಿಗೆ ಲಾಭ ಹಂಚಿಕೆಯ ಒಪ್ಪಂದವೂ ಬೇಕು. ಪೆಲಾರ್ಗೋನಿಯಂ ಸಾರದ ಮೇಲಿನ ಪೇಟೆಂಟ್ ಒಂದನ್ನು ಈಸ್ಟರ್ನ್ ಕೇಪ್‌ನ ಆಲಿಸ್ ಸಮುದಾಯದವರು ಮತ್ತಿತರರ ಆಕ್ಷೇಪದ ಮೇಲೆ ಯುರೋಪಿನ ಪೇಟೆಂಟ್ ಕಚೇರಿಯು 2010ರಲ್ಲಿ ರದ್ದುಪಡಿಸಿದ ಮೇಲಂತೂ ಈ ವಿಷಯದಲ್ಲಿ ಎಲ್ಲರೂ ಸೂಕ್ಷ್ಮವಾಗಿದ್ದಾರೆ. ಹೀಗಿದ್ದೂ ಈ ಪ್ರಯೋಗಾಲಯದ ಸಿದ್ಧ ಒಪ್ಪಂದದಲ್ಲಿ, ಪರೀಕ್ಷೆಯ ನಂತರ ಉಳಿದ ಸಾರವನ್ನು ಪ್ರಯೋಗಾಲಯವು ತನ್ನ ಸಂಗ್ರಹದಲ್ಲಿಟ್ಟುಕೊಂಡು ಮುಂದಿನ ಸಂಶೋಧನೆಗೆ ಬಳಸಬಹುದು ಎಂಬ ಸಾಲು ಒಂಬತ್ತನೆಯ ಷರತ್ತಾಗಿ ಸಣ್ಣ ಅಕ್ಷರಗಳಲ್ಲಿ ಇತ್ತು. ಗಿಡ ನಮ್ಮ ನರ್ಸರಿಯದಾದರೂ ಅದರ ಬಳಕೆಯನ್ನು ತಿಳಿಸಿದವರು ಇನ್ಯಾಂಗಾಗಳು. ಅವರ ಒಪ್ಪಿಗೆ ಇಲ್ಲದೆ ಅಂತಹ ಸಾಲಿಗೆ ಸಹಿ ಹಾಕುವ ಅಧಿಕಾರ ನಮಗಿರಲಿಲ್ಲ. ತಕರಾರು ಎತ್ತಿದಾಗ ಆ ಸಾಲನ್ನು ಹೊಡೆದುಹಾಕಿ, ಉಳಿದ ಸಾರವನ್ನು ಹಿಂದಿರುಗಿಸುವ ಅಥವಾ ನಾಶಪಡಿಸಿ ಪತ್ರ ಕೊಡುವ ಷರತ್ತನ್ನು ಸೇರಿಸಿದರು. ಹೊಸದಾಗಿ ಮಾದರಿ ಕಳುಹಿಸುವವರು ಒಂಬತ್ತನೆಯ ಷರತ್ತನ್ನು ನೋಡಿ, ಅದು ಅಳಿಸಿದ ಪ್ರತಿ ಕೈಗೆ ಬಂದ ನಂತರವೇ ಪೆಟ್ಟಿಗೆಯನ್ನು ಕೊರಿಯರ್‌ಗೆ ಕೊಡಲಿ.